ಸಿಯಾನೋಥಸ್

ಸಿಯಾನೋಥಸ್ ಎಂಬುದು ರಾಮ್ನೇಸಿ ಕುಟುಂಬಕ್ಕೆ ಸೇರಿದ ಹೂಬಿಡುವ ಪೊದೆಗಳ ಒಂದು ಕುಲ. ಭಾರತದಲ್ಲಿ ಪರಿಚಿತವಾದ ಬೋರೆ (ಎಲಚಿ) ಗಿಡವೂ ಇದೇ ಕುಟುಂಬದ್ದು. ಸುಮಾರು 50ರಿಂದ 60 ಪ್ರಭೇದಗಳಿರುವ ಈ ಕುಲದ ತವರು ಉತ್ತರ ಮತ್ತು ಮಧ್ಯ ಅಮೆರಿಕ. ಬಹುಪಾಲು ಪ್ರಭೇದಗಳು ಕ್ಯಾಲಿಫೋರ್ನಿಯದಲ್ಲಿ ಕಂಡುಬರುತ್ತವೆ. ಲಿನೇಯಸ್ 1753ರಲ್ಲಿ ಈ ಕುಲವನ್ನು ಹೆಸರಿಸಿದನು. ಇಳಿಜಾರು ನೆಲದಲ್ಲಿ ಮಣ್ಣಿನ ಸವಕಳಿಯನ್ನು ತಡೆಯಲು ಇದನ್ನು ಬೆಳೆಸುತ್ತಾರೆ.

ಲಕ್ಷಣಗಳು

ಇದರಲ್ಲಿ ನೆಲದ ಮೇಲೆ ಹರಡುವ ಗಿಡಗಳಿಂದ ಹಿಡಿದು ಸಣ್ಣ ಮರದಷ್ಟು ಎತ್ತರ ಬೆಳೆಯುವ ಪ್ರಭೇದಗಳವರೆಗೆ ಇವೆ. ನೀಲಿ, ಬಿಳಿ ಅಥವಾ ನಸುಗೆಂಪು ಬಣ್ಣದ ಪುಟ್ಟ ಹೂಗಳು ದಟ್ಟ ಗೊಂಚಲುಗಳಲ್ಲಿ ಅರಳುತ್ತವೆ. ಹೂಗಳಲ್ಲಿ ಸಪೋನಿನ್ ಇರುವುದರಿಂದ ನೀರಿನಲ್ಲಿ ಉಜ್ಜಿದರೆ ಅಂಟುವಾಳಕಾಯಿಯಂತೆ ನೊರೆ ಬರುತ್ತದೆ. ಮೂರು ಹೋಳುಗಳ ಕಾಯಿ ಒಣಗಿದಾಗ ಸಿಡಿದು ಬೀಜಗಳನ್ನು ದೂರಕ್ಕೆ ಚಿಮ್ಮಿಸುತ್ತದೆ. ಪೂರ್ವ ಭಾಗದ ಸಿಯಾನೋಥಸ್ ಅಮೆರಿಕಾನಸ್ ಪ್ರಭೇದದ ಎಲೆಗಳನ್ನು ಅಮೆರಿಕದ ಸ್ವಾತಂತ್ರ್ಯ ಸಮರದ ಕಾಲದಲ್ಲಿ ಚಹಾಕ್ಕೆ ಬದಲಾಗಿ ಬಳಸುತ್ತಿದ್ದರು.

ಮಣ್ಣಿನ ಸಂರಕ್ಷಣೆ

ದಟ್ಟವಾದ ಎಲೆಗಳು ಮಳೆಹನಿಗಳ ಹೊಡೆತವನ್ನು ತಗ್ಗಿಸುತ್ತವೆ; ಉದುರಿದ ಎಲೆಗಳು ನೆಲಕ್ಕೆ ಹೊದಿಕೆಯಾಗುತ್ತವೆ; ಬೇರುಗಳು ಮಣ್ಣನ್ನು ಹಿಡಿದಿಡುತ್ತವೆ. ಬೇರಿನ ಗಂಟುಗಳಲ್ಲಿ ವಾಸಿಸುವ ಫ್ರಾಂಕಿಯ ಎಂಬ ಬ್ಯಾಕ್ಟೀರಿಯ ಗಾಳಿಯ ಸಾರಜನಕವನ್ನು ಸ್ಥಿರೀಕರಿಸುತ್ತದೆ. ಆದ್ದರಿಂದ ಸಾರವಿಲ್ಲದ ನೆಲದಲ್ಲಿಯೂ ಈ ಗಿಡ ಬೆಳೆಯಬಲ್ಲದು. ತಗ್ಗಾಗಿ, ಅಗಲವಾಗಿ ಹರಡುವ ಸಿಯಾನೋಥಸ್ ಗ್ರೈಸಿಯಸ್ ಪ್ರಭೇದದ ತಳಿಗಳನ್ನು ಇಳಿಜಾರುಗಳಲ್ಲಿ ನೆಡುವುದು ರೂಢಿ. ಬೇರೂರಿದ ಗಿಡ ಬರವನ್ನು ಸಹಿಸುತ್ತದೆ. ಬೇಸಗೆಯಲ್ಲಿ ಅತಿಯಾಗಿ ನೀರುಣಿಸಿದರೆ ಬೇರು ಕೊಳೆಯುತ್ತದೆ.

ಕಾಡ್ಗಿಚ್ಚು ಮತ್ತು ಮರುಹುಟ್ಟು

ಕ್ಯಾಲಿಫೋರ್ನಿಯದ ಚಾಪರಲ್ ಎಂಬ ಕುರುಚಲು ಕಾಡುಗಳಲ್ಲಿ ಸಿಯಾನೋಥಸ್ ಮುಖ್ಯ ಸಸ್ಯಗಳಲ್ಲೊಂದು. ಕಾಡ್ಗಿಚ್ಚಿನಿಂದ ಬೋಳಾದ ಬೆಟ್ಟಗಳ ಮೇಲೆ ಜೋರು ಮಳೆ ಬಿದ್ದರೆ ಮಣ್ಣು, ಬಂಡೆಗಳು ಕೆಳಗಿನ ಊರುಗಳಿಗೆ ನುಗ್ಗುವ ಅಪಾಯವಿರುತ್ತದೆ. 2017ರ ಡಿಸೆಂಬರಿನ ಥಾಮಸ್ ಕಾಡ್ಗಿಚ್ಚಿನ ಬಳಿಕ, 2018ರ ಜನವರಿ 9ರಂದು ಮಾಂಟೆಸಿಟೊ ಎಂಬಲ್ಲಿ ಹೀಗೆ ನುಗ್ಗಿದ ಕೆಸರಿನ ಪ್ರವಾಹಕ್ಕೆ 20ಕ್ಕೂ ಹೆಚ್ಚು ಜನರು ಬಲಿಯಾದರು.

ಸಿಯಾನೋಥಸ್ ಬೀಜಗಳು ಮಣ್ಣಿನಲ್ಲಿ ದಶಕಗಳ ಕಾಲ ಸುಪ್ತವಾಗಿದ್ದು, ಬೆಂಕಿಯ ಶಾಖಕ್ಕೆ ಗಟ್ಟಿ ಸಿಪ್ಪೆ ಬಿರಿದಾಗ, ಮುಂದಿನ ಮಳೆಗೆ ಮೊಳೆಯುತ್ತವೆ. ಕೆಲವು ಪ್ರಭೇದಗಳು ಸುಟ್ಟ ಬುಡದಿಂದಲೇ ಚಿಗುರುತ್ತವೆ. ಸಿಯಾನೋಥಸ್ ಮೆಗಕಾರ್ಪಸ್‌ನಂಥವು ಬೆಂಕಿಯಲ್ಲಿ ಸಂಪೂರ್ಣ ಸಾಯುವುದರಿಂದ ಅವುಗಳ ಮರುಹುಟ್ಟು ಬೀಜಗಳನ್ನೇ ಅವಲಂಬಿಸಿದೆ. ಎಳೆಯ ಗಿಡಗಳು ಬಲಿತು ಬೀಜ ಉದುರಿಸುವ ಮುನ್ನವೇ ಮತ್ತೆ ಕಾಡ್ಗಿಚ್ಚು ಬಂದರೆ ಆ ಪ್ರಭೇದ ಅಲ್ಲಿಂದ ಕಣ್ಮರೆಯಾಗಬಹುದು. ಆಗ ಪೊದೆಗಳ ಜಾಗವನ್ನು ಆಳವಾದ ಬೇರಿಲ್ಲದ ವಾರ್ಷಿಕ ಹುಲ್ಲುಗಳು ಆಕ್ರಮಿಸುತ್ತವೆ. ಇಳಿಜಾರಿನ ಮಣ್ಣಿಗೆ ಹಿಂದಿನ ಆಸರೆ ಉಳಿಯುವುದಿಲ್ಲ.