ದೇಣಿಗೆ ಸ್ವಯಂಚಾಲನೆ, ಕೋಡ್‌ರಹಿತ
ಯೋಜನಾ ಪ್ರಸ್ತಾವನೆ ಸಿದ್ಧಪಡಿಸುವ ತಂತ್ರಾಂಶವನ್ನೂ ದೇಣಿಗೆ ಪಡೆಯುವ ಸಾಧನವನ್ನೂ ಪ್ರೋಗ್ರಾಂ ಬರೆಯದೆ ಜೋಡಿಸುವ ವಿಧಾನ. ಜೋಡಣೆಗೆ ಅಮೆರಿಕದಲ್ಲಿ 2011ರಲ್ಲಿ ಆರಂಭವಾದ ಜಾಪಿಯರ್, ಚೆನ್ನೈ ಮೂಲದ ಜೋಹೊ ಫ್ಲೋ ಮೊದಲಾದ ಸೇವೆಗಳಿವೆ. ದಾನಿ ಪ್ರಸ್ತಾವನೆಯನ್ನು ಒಪ್ಪಿದೊಡನೆ ಪಾವತಿ ಲಿಂಕ್ ಹೋಗುತ್ತದೆ. ಹಣ ಬಂದದ್ದನ್ನು ಬೆಂಗಳೂರಿನ ರೇಜರ್‌ಪೇಯಂಥ ಪಾವತಿ ಸೇವೆ ವೆಬ್‌ಹುಕ್ (ತಾನಾಗಿ ಹೋಗುವ ಸೂಚನೆ) ಮೂಲಕ ತಿಳಿಸಿದಾಗ ರಸೀದಿಯೂ ದಾನಿಗಳ ಪಟ್ಟಿಯೂ ತಾವಾಗಿ ತಯಾರಾಗುತ್ತವೆ. ಒಂದೇ ಪಾವತಿಯ ಸೂಚನೆ ಎರಡು ಸಲ ಬರಬಹುದಾದ್ದರಿಂದ ಪಾವತಿ ಸಂಖ್ಯೆಯನ್ನು ತಾಳೆ ನೋಡುವ ಹಂತ ಇರಲೇಬೇಕು. ದೊಡ್ಡ ಲಾಭವಿರುವುದು ತೆರಿಗೆಯ ಕಾಗದಪತ್ರದಲ್ಲಿ: 2021-22ರ ದೇಣಿಗೆಗಳಿಂದ ಮೊದಲುಗೊಂಡು ದಾನಿಗಳಿಗೆ ತೆರಿಗೆ ರಿಯಾಯಿತಿ ಕೊಡಿಸುವ 80ಜಿ ಮಾನ್ಯತೆಯ ಸಂಸ್ಥೆಗಳು ದಾನಿಗಳ ವಿವರವನ್ನು ನಮೂನೆ 10ಬಿಡಿಯಲ್ಲಿ ಸಲ್ಲಿಸಬೇಕಾಯಿತು; ತಾನಾಗಿ ತಯಾರಾದ ಪಟ್ಟಿಯಿಂದ ಆ ವಿವರ ಸುಲಭವಾಗಿ ಸಿಗುತ್ತದೆ. ಲೆಕ್ಕಕ್ಕೆ ಪ್ರತ್ಯೇಕ ಗುಮಾಸ್ತರನ್ನು ಇಟ್ಟುಕೊಳ್ಳಲಾಗದ ಮನ್ನಳ್ಳಿ, ಔರಾದ್, ಭಾಲ್ಕಿ ಕಡೆಯ ಸಣ್ಣ ಟ್ರಸ್ಟ್‌ಗೆ ಈ ವಿಧಾನ ದೊಡ್ಡ ಸಂಸ್ಥೆಗಿಂತ ಹೆಚ್ಚು ಉಪಕಾರಿ. ನಗದು ದೇಣಿಗೆಯನ್ನು ಮಾತ್ರ ಕೈಯಿಂದಲೇ ನಮೂದಿಸಬೇಕು.