ಮಾರುವ ಮನೆಯ ಬಚ್ಚಲು



ಶಿವಮೊಗ್ಗದ ಗಾಂಧಿ ಬಜಾರಿನಂತಹ ಹಳೆಯ ಪೇಟೆಗಳಲ್ಲಿ ಹಿರಿಯರ ಮನೆಗಳು ಒಂದೊಂದಾಗಿ ಕೈ ಬದಲಾಯಿಸುತ್ತಿವೆ. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿದ ಮೇಲೆ ಇದು ಸಹಜವೇ. ಮನೆ ಮಾರುವುದೆಂದು ನಿಶ್ಚಯವಾದೊಡನೆ ದಲ್ಲಾಳಿಗಳು ಕೊಡುವ ಮೊದಲ ಸಲಹೆ, ‘ಬಚ್ಚಲನ್ನು ಸ್ವಲ್ಪ ಹೊಸದು ಮಾಡಿಸಿ’ ಎಂಬುದು. ನಾಲ್ಕಾರು ದಿನಗಳಲ್ಲಿ ಟೈಲ್ಸು, ಗೀಸರು, ಹೊಳೆಯುವ ನಲ್ಲಿಗಳು ಬಂದು ಕೂರುತ್ತವೆ. ಮನೆಯ ಈ ಮೂಲೆಗೂ ಒಂದು ಇತಿಹಾಸವುಂಟು. ಅದನ್ನು ತಿಳಿದರೆ, ಮಾರುವ ಮುನ್ನ ಏನನ್ನು ಸರಿಪಡಿಸಬೇಕು, ಏನನ್ನು ಮುಚ್ಚಬಾರದು ಎಂಬ ವಿವೇಕವೂ ಮೂಡೀತು.

ಮಲೆನಾಡಿನ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಹಿತ್ತಲ ಕಡೆಯ ಕೋಣೆ. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಕಲ್ಲು ಚಪ್ಪಡಿಯ ನೆಲ, ಹೊಗೆ ಹಿಡಿದ ಗೋಡೆ. ಸೌದೆ, ತೆಂಗಿನ ಮಟ್ಟೆ, ಒಣಗಿದ ಅಡಿಕೆ ಸಿಪ್ಪೆಗಳೇ ಉರುವಲು. ಮಿಂದ ನೀರು ಹಿತ್ತಲ ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹರಿಯುತ್ತಿತ್ತು. ಈ ಬಚ್ಚಲಿಗೂ ಶೃಂಗಾರವಿತ್ತು. ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಕೆಮ್ಮಣ್ಣು ಸುಣ್ಣಗಳಿಂದ ಅಲಂಕರಿಸಿ, ಅದರ ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜಿಸುತ್ತಿದ್ದರು. ಮರುದಿನ ನಸುಕಿನಲ್ಲಿ ಅಭ್ಯಂಜನ. ಆ ಅಲಂಕಾರ ನೋಡಲು ಬರುವ ಪರರಿಗಾಗಿ ಅಲ್ಲ, ಮೀಯುವ ಮನೆಯವರಿಗಾಗಿ. ಅಲ್ಲಿ ಅಡಗಿಸುವುದೇನೂ ಇರಲಿಲ್ಲ.

ಬದಲಾವಣೆ ಬಂದದ್ದು ಕಬ್ಬಿಣ ಮತ್ತು ಸಿಮೆಂಟಿನೊಡನೆ. ನೆರೆಯ ಭದ್ರಾವತಿಯಲ್ಲಿ 1923ರಲ್ಲಿ ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿತು. 1930ರ ದಶಕ ಮುಗಿಯುವುದರೊಳಗೆ ಅಲ್ಲಿ ಸಿಮೆಂಟೂ ತಯಾರಾಗತೊಡಗಿತು. ಕ್ರಮೇಣ ಚಪ್ಪಡಿಯ ಜಾಗಕ್ಕೆ ಸಿಮೆಂಟಿನ ನೆಲ, ಬಾವಿಯ ಜಾಗಕ್ಕೆ ನಲ್ಲಿ, ಹಂಡೆಯ ಜಾಗಕ್ಕೆ ಬಾಯ್ಲರು, ಆಮೇಲೆ ಗೀಸರು ಬಂದವು. ಹಿತ್ತಲ ಬಚ್ಚಲು ಮನೆಯೊಳಗೆ ಬಂದಿತು.

ಬಚ್ಚಲಿನಿಂದ ದೂರವಿರುತ್ತಿದ್ದ ಪಾಯಿಖಾನೆಯ ಕಥೆ ಮಾತ್ರ ಇಷ್ಟು ಹಿತವಾದದ್ದಲ್ಲ. ಪೇಟೆಯ ಮನೆಗಳಲ್ಲಿ ಅದಕ್ಕೆ ಹಿಂದಿನ ಓಣಿಯಿಂದಲೇ ದಾರಿ. ಮನೆಯವರ ಹೇಸಿಗೆಯನ್ನು ಮನುಷ್ಯರೇ ತಲೆಯ ಮೇಲೆ ಹೊತ್ತು ಸಾಗಿಸಬೇಕಿತ್ತು. ನಮ್ಮ ಬಜಾರು ಯಾರ ಹೆಸರು ಹೊತ್ತಿದೆಯೋ ಆ ಗಾಂಧೀಜಿ 1901ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ತಾವೇ ಪೊರಕೆ ಹಿಡಿದು ಪಾಯಿಖಾನೆ ಶುಚಿಗೊಳಿಸಿದವರು. 1927ರ ಮೈಸೂರು ಸಂಸ್ಥಾನದ ಪ್ರವಾಸದಲ್ಲಿ ಶಿವಮೊಗ್ಗ, ಭದ್ರಾವತಿಗಳಿಗೂ ಬಂದಿದ್ದರು. ಆದರೂ ಕರ್ನಾಟಕದಲ್ಲಿ ಮಲ ಹೊರುವ ಪದ್ಧತಿಯನ್ನು ಸರ್ಕಾರ ನಿಷೇಧಿಸಲು 1970ರ ದಶಕವೇ ಬರಬೇಕಾಯಿತು. ದೇವರಾಜ ಅರಸರ ಸಂಪುಟದ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಆ ದಿಟ್ಟತನ ತೋರಿದರು. ಕೇಂದ್ರದ ಕಾಯಿದೆಗಳು 1993ರಲ್ಲಿ ಮತ್ತು 2013ರಲ್ಲಿ ಬಂದವು. ಈ ನಡುವೆ, 2010ರಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಬೇಕಾಯಿತೆಂಬುದನ್ನು ನೆನೆದರೆ ಇಂದಿಗೂ ತಲೆ ತಗ್ಗುತ್ತದೆ. ಹಿಂಬಾಗಿಲಿಗೆ ಇಟ್ಟಿಗೆ ಕಟ್ಟಿ ಟೈಲ್ಸು ಹಚ್ಚಿದ ಮಾತ್ರಕ್ಕೆ ಈ ಋಣ ತೀರದು.

ಆದುದರಿಂದ, ಬಚ್ಚಲನ್ನು ಚೆಂದ ಮಾಡುವ ಮುನ್ನ ಅದರ ಕೊಳಕು ನೀರು ಎಲ್ಲಿಗೆ ಹೋಗುತ್ತದೆಂದು ವಿಚಾರಿಸಿಕೊಳ್ಳಿ. ಒಳಚರಂಡಿಗೆ ಸೇರಿದೆಯೇ, ಹಿತ್ತಲ ಗುಂಡಿಗೋ? ಗುಂಡಿಯಾದರೆ ಅದರೊಳಗೆ ಮನುಷ್ಯರನ್ನು ಇಳಿಸದೆ ಯಂತ್ರದಿಂದಲೇ ಬರಿದು ಮಾಡಿಸಿ, ಅದಿರುವ ಜಾಗವನ್ನು ಕೊಳ್ಳುವವರಿಗೆ ತೋರಿಸಿ. ನೆಲದ ಇಳಿಜಾರು ಸರಿಯಿದೆಯೇ ನೋಡಿ. ನೀರು ಹೋಗುವ ಬಾಯಿಯನ್ನು ಕಟ್ಟಿ ಒಂದು ದಿನ ನೀರು ನಿಲ್ಲಿಸಿದರೆ, ನೆಲದಲ್ಲಿ ಸೋರಿಕೆಯಿದ್ದಲ್ಲಿ ಕೆಳಗಿನ ಸೂರಿನಲ್ಲೋ ಪಕ್ಕದ ಗೋಡೆಯಲ್ಲೋ ತೇವ ಕಾಣಿಸುತ್ತದೆ. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಮೂಡಿದ್ದರೆ ಅದು ಒಳಗಿನ ತೇವದ ಗುರುತು. ಬಣ್ಣ ಬಳಿದರೆ ಒಂದು ಮಳೆಗಾಲವಷ್ಟೇ ಮರೆಯಾದೀತು.

ಇದು ಕೇವಲ ನೀತಿಪಾಠವಲ್ಲ, ಕಾನೂನೂ ಹೌದು. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಕಲಮಿನಂತೆ, ಬೇರೆ ಕರಾರಿಲ್ಲದಿದ್ದಲ್ಲಿ, ತನಗೆ ತಿಳಿದಿದ್ದು ಕೊಳ್ಳುವವನಿಗೆ ಸಾಮಾನ್ಯ ಎಚ್ಚರಿಕೆಯಿಂದ ಕಂಡುಹಿಡಿಯಲಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ಟೈಲ್ಸಿನ ಹಿಂದೆ ಮುಚ್ಚಿಟ್ಟ ಸೋರಿಕೆ ಇಂತಹ ದೋಷವಾಗಬಲ್ಲದು.

ತರಗತಿಯಲ್ಲಿ ನಾನು ಹೇಳುತ್ತಿದ್ದ ಮಾತು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು: ಅಕ್ಷರ ದುಂಡಗಿದ್ದರೆ ಸಂತೋಷ, ಆದರೆ ಅಂಕ ಉತ್ತರಕ್ಕೆ. ಬಚ್ಚಲಿಗೂ ಅದೇ ನಿಯಮ. ತೊಳೆಯಿರಿ, ಸುಣ್ಣ ಬಳಿಯಿರಿ, ಒಡೆದ ನಲ್ಲಿ ಬದಲಾಯಿಸಿ, ಯಾವುದೂ ತಪ್ಪಲ್ಲ. ನಾಳೆ ಅಲ್ಲಿ ಮೀಯುವುದು ಮತ್ತೊಂದು ಮನೆಯ ಮಗು ಎಂಬುದಷ್ಟು ನೆನಪಿರಲಿ.