ದುಡಿಯ ಪೆಟ್ಟು, ದನಿಯ ಲೆಕ್ಕ

ಕೊಡಗಿನ ಹಬ್ಬ, ಮದುವೆಗಳಲ್ಲಿ ನಾಲ್ವರು ಕೂಡಿ ದುಡಿ ಬಾರಿಸುತ್ತ ಹಾಡುವುದನ್ನು ವಾಚಕರಲ್ಲಿ ಅನೇಕರು ಕೇಳಿರಬಹುದು. ದುಡಿ ಎಂದರೆ ಡಮರುವಿನಾಕಾರದ ಚಿಕ್ಕ ಚರ್ಮವಾದ್ಯ. ಬಾಯಿಂದ ಬಾಯಿಗೆ ಬಂದ ಈ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ, 1924ರಲ್ಲಿ ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವಾಗಿ ಹೊರತಂದರು. ಮಾತು ಕೊಡವರದು, ಲಿಪಿ ಕನ್ನಡದ್ದು. ಗ್ರಂಥದಿಂದ ಪದಗಳು ಉಳಿದವು. ಹಾಡುವವರ ಕಂಠವಾಗಲಿ ದುಡಿಯ ಪೆಟ್ಟಾಗಲಿ ಅಕ್ಷರಕ್ಕೆ ಸಿಕ್ಕುವಂಥದಲ್ಲ.

ಆ ಕೆಲಸಕ್ಕೆ ಧ್ವನಿಮುದ್ರಣ ಬೇಕಾಯಿತು. 1993ರಲ್ಲಿ ಮಡಿಕೇರಿಯ ಆಕಾಶವಾಣಿ ಕೇಂದ್ರ ಪ್ರಸಾರ ಆರಂಭಿಸಿತು. ಮುಂದೆ ಎಂಪಿ3 ಎಂದು ಹೆಸರಾದ ಧ್ವನಿಸಂಕೋಚನ ವಿಧಾನವು ಅಂತರರಾಷ್ಟ್ರೀಯ ಮಾನಕವಾಗಿ ಪ್ರಕಟವಾದದ್ದೂ ಅದೇ ವರ್ಷ. ಜೋರಾದ ದನಿಯ ಮರೆಯಲ್ಲಿ ಮೆಲುದನಿ ನಮ್ಮ ಕಿವಿಗೆ ಬೀಳದಷ್ಟೆ? ಅಂಥ ದನಿಯ ವಿವರಗಳನ್ನು ಬಿಟ್ಟು ಉಳಿದುದನ್ನು ಇಡುವುದು ಇದರ ತಂತ್ರ.

ಲೆಕ್ಕ ನೋಡೋಣ. ಸಿ.ಡಿ.ಯ ಗುಣಮಟ್ಟದಲ್ಲಿ ಒಂದೇ ವಾಹಿನಿಯ, ಅಂದರೆ ಮೋನೊ ದನಿಗೆ ಸೆಕೆಂಡಿಗೆ 44,100 ಮಾದರಿ, ಒಂದೊಂದಕ್ಕೂ 16 ಬಿಟ್. ಗಂಟೆಗೆ ಸುಮಾರು 318 ಮೆಗಾಬೈಟ್ ಆಯಿತು. ಸೆಕೆಂಡಿಗೆ 64 ಕಿಲೋಬಿಟ್‌ಗೆ ಇಳಿಸಿದರೆ 29 ಮೆಗಾಬೈಟ್ ಸಾಕು. ಹಳೆಯ ಮೋನೊ ಟೇಪನ್ನು ಎಡಕ್ಕೂ ಬಲಕ್ಕೂ ನಕಲು ಮಾಡಿ ಸ್ಟೀರಿಯೋ ಎಂದು ಇಡುವವರುಂಟು. ಅದರಿಂದ ಹೊಸದೇನೂ ಕೇಳಿಸದು. ಸಂಕೋಚಿಸದ ಕಡತವಾದರೆ ಜಾಗ ಮಾತ್ರ ಇಮ್ಮಡಿ.

ಭಾಷಣಕ್ಕೆ 64 ಸಾಕು. ದುಡಿಗೆ ಸಾಲದೆ ಹೋಗಬಹುದು. ಈ ವಿಧಾನ ದನಿಯನ್ನು ಸಣ್ಣ ಸಣ್ಣ ತುಂಡುಗಳಾಗಿ ಅಳೆಯುತ್ತದೆ. ತುಂಡಿನ ನಡುವೆ ಥಟ್ಟನೆ ಪೆಟ್ಟು ಬಿದ್ದಾಗ, ಉಳಿತಾಯದಿಂದಾದ ಗದ್ದಲ ತುಂಡಿನುದ್ದಕ್ಕೂ ಹರಡಿ, ಪೆಟ್ಟಿಗೆ ಮುಂಚೆಯೇ ಮಸುಕಾಗಿ ಕೇಳಿಸುತ್ತದೆ. ಆದುದರಿಂದ ಹಾಡಿಗೆ 96 ಅಥವಾ 128 ಇಟ್ಟು, ಕಿವಿಗೆ ಹೆಡ್‌ಫೋನ್ ಹಚ್ಚಿ, ಪೆಟ್ಟು ಚೊಕ್ಕವಾಗಿದೆಯೇ ಎಂದು ಪರೀಕ್ಷಿಸುವುದು ಮೇಲು.

ಇದೆಲ್ಲ ಹಂಚುವ ಪ್ರತಿಯ ಮಾತು. ಒಮ್ಮೆ ಬಿಟ್ಟ ದನಿ ಮತ್ತೆ ಬಾರದು. 64ರ ಕಡತವನ್ನು 128ಕ್ಕೆ ಏರಿಸಿದರೂ ಅಷ್ಟೆ. ಕಾಪಿಡುವ ಪ್ರತಿಗೆ ಸೆಕೆಂಡಿಗೆ ಕನಿಷ್ಠ 48,000 ಮಾದರಿ, 24 ಬಿಟ್ ಇರಬೇಕೆಂಬುದು ಧ್ವನಿಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘದ ಸಲಹೆ. ಜಾಗ ಉಳಿಸಬೇಕಾದರೆ 2001ರಲ್ಲಿ ಬಂದ ಫ್ಲ್ಯಾಕ್ ವಿಧಾನವುಂಟು. ಅದು ಗಾತ್ರವನ್ನು ತಗ್ಗಿಸಿದರೂ ಏನನ್ನೂ ಬಿಡುವುದಿಲ್ಲ.

ಚಿಣ್ಣಪ್ಪನವರ ಲೇಖನಿಗೆ ಹಾಡನ್ನು ಪೂರ್ತಿಯಾಗಿ ಹಿಡಿಯುವ ಉಪಾಯವಿರಲಿಲ್ಲ. ನಮಗೆ ಉಂಟು. ಮನೆಯ ಪೆಟ್ಟಿಗೆಯಲ್ಲಿ ಅಜ್ಜನ ಹಾಡಿನ ಕ್ಯಾಸೆಟ್ ಇದ್ದವರು ಮೊದಲು ಪೂರ್ಣಪ್ರತಿಯನ್ನು ತೆಗೆದಿಟ್ಟು, ಆಮೇಲೆ ನೆಂಟರಿಗೆ ಚಿಕ್ಕದನ್ನು ಕಳುಹಿಸಲಿ.